ಮೇಟಿಯ ಸುತ್ತ

ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿ ವಿನ್ಸೆಂಟ್ ವ್ಯಾನ್ ಗೋ ಬರೆದ ಸುಗ್ಗಿಯ ಮಧ್ಯಾಹ್ನವೊಂದಿದೆ. 73 ಸೆಂಟಿಮೀಟರ್ ಎತ್ತರ, 91 ಸೆಂಟಿಮೀಟರ್ ಅಗಲದ ಕ್ಯಾನ್ವಾಸು. ಬಣವಿಯ ನೆರಳಿನಲ್ಲಿ ಗಂಡು ಹೆಣ್ಣು ಇಬ್ಬರು ಮೈಚೆಲ್ಲಿ ಮಲಗಿದ್ದಾರೆ. ಗಂಡಸಿನ ಟೋಪಿ ಮುಖದ ಮೇಲೆ ಸರಿದಿದೆ, ಕಾಲಿನ ಕೆರ ಬಿಚ್ಚಿ ಬದಿಗಿಟ್ಟಿದ್ದಾನೆ. ಹತ್ತಿರದಲ್ಲೇ ಎರಡು ಕುಡುಗೋಲು, ಒಂದರ ಮಗ್ಗುಲಿಗೆ ಇನ್ನೊಂದು. ದೂರದಲ್ಲಿ ಬಂಡಿ, ಅದರ ಬಳಿ ದನ. ಬೆಳೆಯ ಹಳದಿಯೆಲ್ಲ ಉರಿಬಿಸಿಲು, ಬಟ್ಟೆಯ ನೀಲಿಯೆಲ್ಲ ನೆರಳು.

ಆ ಚಿತ್ರ ಬರೆಯುವಾಗ ವ್ಯಾನ್ ಗೋನ ಕಣ್ಣೆದುರು ಸುಗ್ಗಿ ಇರಲಿಲ್ಲ. 1890ರ ಜನವರಿ, ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿಯ ಮನೋರೋಗಿಗಳ ಆಸ್ಪತ್ರೆ, ಹೊರಗೆ ಚಳಿ. ಹಿಂದಿನ ತಲೆಮಾರಿನ ಚಿತ್ರಕಾರ ಮಿಲೆ ಬರೆದ ದಿನದ ನಾಲ್ಕು ಹೊತ್ತುಗಳ ಸರಣಿಯನ್ನು ಲಾವಿಯೆಲ್ ಎಂಬಾತ ಅಚ್ಚಿಗೆ ಕೆತ್ತಿದ್ದ. ಆ ಕಪ್ಪು ಬಿಳುಪಿನ ಮುದ್ರಣವನ್ನು ಎದುರಿಗಿಟ್ಟುಕೊಂಡು ವ್ಯಾನ್ ಗೋ ಬಣ್ಣ ತುಂಬಿದ. ಒಂದೂವರೆ ವರ್ಷದ ಹಿಂದೆ, 1888ರ ಜೂನ್‌ನಲ್ಲಿ, ಆರ್ಲ್ ಊರಿನ ಹೊರಗೆ ಲಾ ಕ್ರೋ ಬಯಲಿನ ಗೋದಿ ಸುಗ್ಗಿಯನ್ನು ಬಿಸಿಲಲ್ಲಿ ಕೂತು ಬರೆದಿದ್ದವನು ಆತ. ಅದೇ ವರ್ಷ ಬ್ರಿಟನಿಯಲ್ಲಿ ಗೋಗ್ಯಾನ್ ಮತ್ತು ಎಮಿಲ್ ಬರ್ನಾರ್ ಹುಲ್ಲು ಕೊಯ್ಯುವವರನ್ನು, ಬೆಳೆ ಕೊಯ್ಯುವವರನ್ನು ದಟ್ಟ ಬಣ್ಣದಲ್ಲಿ ಬರೆಯುತ್ತಿದ್ದರು. ಇಂಪ್ರೆಷನಿಸ್ಟರ ನಂತರ ಬಂದ ಈ ಗುಂಪಿಗೆ ಕಣ್ಣಿಗೆ ಬಿದ್ದ ಬೆಳಕು ಸಾಲದಾಗಿತ್ತು. ದುಡಿಯುವ ಮೈಯ ಭಾರವೂ ಬಣ್ಣದಲ್ಲಿ ಬರಬೇಕಿತ್ತು.

ಅದೇ ಜನವರಿಯಲ್ಲಿ ಭೀಮಾ ದಂಡೆಯ ಎರೆ ಹೊಲಗಳಲ್ಲಿ ಜೋಳ ತೆನೆ ಹೊತ್ತು ನಿಲ್ಲುವ ಕಾಲ. ಆಳಂದ, ಅಫಜಲಪುರ, ಜೇವರ್ಗಿ ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಹೈದರಾಬಾದ್ ಸಂಸ್ಥಾನದೊಳಗಿದ್ದವು. ಕಚೇರಿಯ ದಫ್ತರಗಳಲ್ಲಿ ಆ ವರ್ಷ ಫಸಲಿ 1299. ಹೆಸರೇ ಹೇಳುವಂತೆ ಆ ಪಂಚಾಂಗ ಹುಟ್ಟಿದ್ದೇ ಕಂದಾಯವನ್ನು ಬೆಳೆಗೆ ಹೊಂದಿಸುವುದಕ್ಕೆ.

ಇಲ್ಲಿಯ ಹಿಂಗಾರಿ ಜೋಳದ ಲೆಕ್ಕವೇ ಬೇರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ್ದು ಫೆಬ್ರವರಿ, ಮಾರ್ಚಿಗೆ ಕೈಗೆ ಬರುತ್ತದೆ. ನಡುವೆ ಮಳೆ ಹೆಚ್ಚು ಕಡಿಮೆ ಇಲ್ಲ. ಎರೆಮಣ್ಣು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ಹಸಿಯೇ ಬೆಳೆಗೆ ಆಧಾರ. ಎಳ್ಳ ಅಮಾಸಿಯ ದಿನ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಯ ಊಟ ಅಲ್ಲಿಯೇ. ಕೆಲವು ದಿನಗಳಲ್ಲಿ ತೆನೆಯ ಕಾಳು ಹಾಲು ತುಂಬಿ ಸೀತನಿಗೆ ಬರುತ್ತದೆ. ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಉದುರಿಸಿದ ಬಿಸಿ ಕಾಳಿಗೆ ನೆಂಟರಿಷ್ಟರನ್ನು ಕರೆಯುವುದು ಇಂದಿಗೂ ನಡೆದಿರುವ ರೂಢಿ.

ವ್ಯಾನ್ ಗೋನ ಚಿತ್ರದ ಎರಡು ಕುಡುಗೋಲುಗಳಿಗೆ ಇಲ್ಲಿ ಅಷ್ಟು ಕೆಲಸವಿರಲಿಲ್ಲ. ಈ ಸೀಮೆಯ ಹಲವು ಹಳ್ಳಿಗಳಲ್ಲಿ ಹಿಂಗಾರಿ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಮೇತ ಕೀಳುತ್ತಾರೆ. ಫೆಬ್ರವರಿಗೆ ಎರೆನೆಲ ಒಣಗಿ ಬಿರುಕು ಬಿಟ್ಟಿರುತ್ತದೆ, ಬೇರಿನ ಹಿಡಿತ ಸಡಿಲಾಗಿರುತ್ತದೆ. ಕಿತ್ತರೆ ದಂಟು ಪೂರ್ತಿ ಉದ್ದಕ್ಕೆ ಸಿಗುತ್ತದೆ, ದನಗಳ ಪಾಲಿನ ಒಂದು ಗೇಣೂ ಹೊಲದಲ್ಲಿ ಉಳಿಯುವುದಿಲ್ಲ. ಆದರೆ ಆಳೆತ್ತರದ ದಂಟನ್ನು ನಡು ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ಜಗ್ಗಿ ಕೀಳುವ ಕೆಲಸ ಬೆಳಗಿನಿಂದ ಸಂಜೆಯವರೆಗೆ. ರವುದಿಯ, ಅಂದರೆ ಒಣ ಎಲೆಯ, ಅಂಚು ಚರ್ಮ ಸೀಳುತ್ತದೆ, ಅಂಗೈ ಬೊಬ್ಬೆ ಏಳುತ್ತದೆ. ಹಳೆಯ ಬಟ್ಟೆ ಸುತ್ತಿಕೊಂಡರೂ ನಾಲ್ಕೈದು ದಿನಕ್ಕೆ ಕೈ ಕಾಯಿಗಟ್ಟುತ್ತದೆ. ಕಿತ್ತದ್ದನ್ನು ಸೂಡು ಕಟ್ಟಿ, ಒಣಗಿಸಿ ಒಟ್ಟಿದ ಮೇಲೆ ತೆನೆ ಮುರಿಯುವ ಕೆಲಸ; ಅದು ಬಹುಪಾಲು ಹೆಂಗಸರದು. ಜೋಳದ ಇತಿಹಾಸ ಬರೆದವರು ರಾಜರ ಕಂದಾಯ ಎಣಿಸಿದಷ್ಟು ಈ ಕೈಗಳನ್ನು ಎಣಿಸಲಿಲ್ಲ. ಆ ರಾಶಿಗೆ ಎಷ್ಟು ಮಂದಿ ಪಾಲುದಾರರಿದ್ದರು, ಕಿತ್ತವಳ ಸರದಿ ಎಷ್ಟನೆಯದಾಗಿತ್ತು ಎಂಬುದನ್ನು ಹುಡುಕಿದರೆ ಈ ಮೂರು ತಾಲ್ಲೂಕುಗಳ ಬದುಕಿನ ಬಹುಪಾಲು ಅಲ್ಲೇ ಸಿಗುತ್ತದೆ.

ಅಫಜಲಪುರ ತಾಲ್ಲೂಕಿನ ಗಾಣಗಾಪುರ, ಭೀಮಾ ಮತ್ತು ಅಮರ್ಜಾ ಕೂಡುವ ಜಾಗ. 15ನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಗಳ ಚರಿತ್ರೆಯಾದ ‘ಗುರುಚರಿತ್ರೆ’ಯನ್ನು ಮುಂದಿನ ಶತಮಾನದಲ್ಲಿ ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡ. ಅದರಲ್ಲಿ ಬರುವ ಒಬ್ಬ ಒಕ್ಕಲಿಗನ ಕಥೆ ಭಕ್ತಿಗಾಗಿ ಓದುವವರಿಗೆ ಪವಾಡ. ಬೇಸಾಯದ ಇತಿಹಾಸ ಹುಡುಕುವವರಿಗೆ ಅದೊಂದು ಅಪರೂಪದ ದಾಖಲೆ. ಗುರುಗಳು ಸಂಗಮಕ್ಕೆ ಹೋಗಿ ಬರುವಷ್ಟರಲ್ಲಿ ಹೊಲ ಕೊಯ್ದುಬಿಡು ಎಂದು ಆತನಿಗೆ ಹೇಳುತ್ತಾರೆ. ಜೋಳ ಇನ್ನೂ ಬಲಿತಿಲ್ಲ. ಹೆಂಡತಿ ಮಕ್ಕಳು ಅಡ್ಡ ಬರುತ್ತಾರೆ, ಊರವರು ಹುಚ್ಚನೆನ್ನುತ್ತಾರೆ. ಆದರೂ ಆತ ಮೊದಲು ಹೋಗುವುದು ಊರ ಅಧಿಕಾರಿಯ ಬಳಿಗೆ. ಹೋದ ವರ್ಷ ಕೊಟ್ಟದ್ದರ ಎರಡರಷ್ಟು ಧಾನ್ಯ ಕೊಡುತ್ತೇನೆಂದು ಮಾತು ಕೊಟ್ಟು, ಒಪ್ಪಿಗೆ ಪಡೆದ ಮೇಲೆಯೇ ಬೆಳೆಗೆ ಕೈ ಹಾಕುತ್ತಾನೆ. ತನ್ನ ಹೊಲ, ತನ್ನ ಬೆವರು. ಆದರೂ ಸರ್ಕಾರದ ಪಾಲು ಗೊತ್ತಾಗದೆ ಕೊಯ್ಯುವ ಹಾಗಿರಲಿಲ್ಲ. ಪವಾಡದ ಕಥೆಯೊಳಗೆ ಈ ಒಪ್ಪಂದ ಇಷ್ಟು ಸಹಜವಾಗಿ ಬಂದಿರುವುದೇ ಅಂದಿನ ಪದ್ಧತಿಗೆ ಸಾಕ್ಷಿ.

ಮುಂದೆ ಕೆಟ್ಟ ಹವೆ ಬಂದು ಊರವರ ಬೆಳೆಯೆಲ್ಲ ಹಾಳಾಗುತ್ತದೆ. ಇವನು ಕೊಯ್ದು ಬಿಟ್ಟ ಕೂಳೆಗಳು ಮಾತ್ರ ಹಲವು ಹಲವಾಗಿ ಚಿಗುರಿ ತೆನೆ ಕೊಡುತ್ತವೆ. ಜೋಳ ಬುಡದಿಂದ ಮತ್ತೆ ಚಿಗುರುವ ಬೆಳೆ ಎಂಬುದು ರೈತರಿಗೆ ಹೊಸ ಸಂಗತಿಯಲ್ಲ. ಕಥೆ ಕಟ್ಟಿದವರು ಹೊಲವನ್ನು ಬಲ್ಲವರು.

ಜೇವರ್ಗಿ ಕಡೆಗೆ ಬಂದರೆ ಇನ್ನೊಂದು ಪಾಲಿನ ಕಥೆ ಇದೆ. ಕಲಬುರಗಿಯ ಶರಣಬಸವೇಶ್ವರರು 1746ರಲ್ಲಿ ಹುಟ್ಟಿದ್ದು ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಒಕ್ಕಲುತನ ಮಾಡುತ್ತಿದ್ದ ಅವರು ತೆನೆ ಕಾಯುವ ಹೊತ್ತಿನಲ್ಲಿ ಕವಣೆ ಬೀಸಲಿಲ್ಲ, ಹಕ್ಕಿಗಳಿಗೆ ಹೊಲದಲ್ಲೇ ನೀರಿಟ್ಟರು ಎಂದು ಈ ಕಡೆಯ ಮಕ್ಕಳೂ ಹೇಳುತ್ತಾರೆ. ಹಕ್ಕಿಗಳು ತಿಂದು ಮಿಕ್ಕಿದ ರಾಶಿಯೂ ಕಡಿಮೆಯಾಗಲಿಲ್ಲವಂತೆ. 1822ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ನಡೆಸಿದ್ದು ದಾಸೋಹ. ಅವರ ಜಾತ್ರೆ ಬೀಳುವುದು ಹೋಳಿ ಹುಣ್ಣಿಮೆ ಕಳೆದ ಮೇಲೆ, ಅಂದರೆ ಜೋಳದ ಸುಗ್ಗಿ ಮುಗಿಯುತ್ತಿದ್ದಂತೆ. ಮನೆಯಲ್ಲಿ ಕಾಳು, ಕೈಯಲ್ಲಿ ಬಿಡುವು ಎರಡೂ ಇರುವ ದಿನಗಳು ಅವು.

ಕಾಳು ಮನೆಗೆ ಬರುವ ಮೊದಲು ಕಣ ದಾಟಬೇಕಿತ್ತು. ಹೊಲದ ಒಂದು ಮೂಲೆಯನ್ನು ಸಮ ಮಾಡಿ, ನೀರು ಹೊಯ್ದು, ಎತ್ತುಗಳಿಂದ ತುಳಿಸಿ ಗಟ್ಟಿ ಮಾಡಿ, ಸಗಣಿಯಿಂದ ಸಾರಿಸಿದ ದುಂಡನೆಯ ಜಾಗವದು. ನಡುವೆ ನೆಟ್ಟ ಕಂಬವೇ ಮೇಟಿ, ಅದರ ತುದಿಗೆ ಕಟ್ಟಿದ ತೆನೆ. ಮೇಟಿ ನೆಟ್ಟು ಪೂಜೆಯಾದ ಮೇಲೆ ಕೆರ ಮೆಟ್ಟಿದವರು ಕಣದೊಳಗೆ ಕಾಲಿಡುವಂತಿರಲಿಲ್ಲ. ತೆನೆ ಹರವಿ, ಎತ್ತುಗಳನ್ನು ಒಂದೇ ಸಾಲಿಗೆ ಕೊರಳಹಗ್ಗದಲ್ಲಿ ಪೋಣಿಸಿ ಮೇಟಿಯ ಸುತ್ತ ತಿರುಗಿಸುವುದೇ ಹಂತಿ. ಮೇಟಿಗೆ ಹತ್ತಿರದ ಎತ್ತು ಒಂದು ಸುತ್ತು ಬರುವಷ್ಟರಲ್ಲಿ ಹೊರಗಿನದು ಅದರ ಹಲವು ಪಟ್ಟು ದೂರ ನಡೆಯಬೇಕಿತ್ತು. ಆದ್ದರಿಂದ ಮುದಿ ಎತ್ತು ಒಳಗೆ, ಹರೆಯದ್ದು ಹೊರಗೆ. ವ್ಯಾನ್ ಗೋ ಇದ್ದ ಪ್ರೊವೆನ್ಸ್ ಸೀಮೆಯಲ್ಲೂ ಕಾಳನ್ನು ಹೀಗೆಯೇ ತುಳಿಸಿ ಬಿಡಿಸುತ್ತಿದ್ದರು, ಅಲ್ಲಿ ಎತ್ತಿನ ಬದಲು ಕುದುರೆ.

ಹಂತಿ ರಾತ್ರಿಯ ಕೆಲಸವೂ ಆಗಿತ್ತು. ಬಿಸಿಲಿಗೆ ಎತ್ತು ಬೇಗ ದಣಿಯುತ್ತವೆ, ಬೆಳದಿಂಗಳಿನ ತಂಪಿನಲ್ಲಿ ನಡೆಯುತ್ತವೆ. ಹೊಡೆಯುವವನಿಗೆ ನಿದ್ದೆ ಬರಬಾರದು, ಎತ್ತಿನ ಹೆಜ್ಜೆ ತಪ್ಪಬಾರದು. ಅದಕ್ಕೇ ಹಂತಿಯ ಹಾಡು. ಒಬ್ಬ ಎತ್ತಿಕೊಡುತ್ತಿದ್ದ, ಉಳಿದವರು ಹಿಮ್ಮೇಳ ಹಿಡಿಯುತ್ತಿದ್ದರು. ಮೇಟಿಯನ್ನು, ಬಸವಣ್ಣನನ್ನು, ಮಳೆರಾಯನನ್ನು ನೆನೆಯುವುದರಿಂದ ಸುರುವಾಗಿ ದೀರ್ಘ ಕಥೆಗಳವರೆಗೆ ಅವು ಬೆಳೆಯುತ್ತಿದ್ದವು. ಈ ಭಾಗದ ಸುಗ್ಗಿಗೆ ಯಾವ ಚಿತ್ರಕಾರನೂ ಕೊಡದ ಆಯುಷ್ಯವನ್ನು ಕೊಟ್ಟದ್ದು ಈ ಹಾಡುಗಳು. ಅಫಜಲಪುರದಿಂದ ಭೀಮೆಯ ಗುಂಟ ಮೇಲಕ್ಕೆ ಸಾಗಿದರೆ ವಿಜಯಪುರ ಜಿಲ್ಲೆಯ ಹಲಸಂಗಿ ಸಿಗುತ್ತದೆ. ಅಲ್ಲಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಎಂಬ ಗೆಳೆಯರು ಒಕ್ಕಲಿಗರ ಬಾಯಲ್ಲಿದ್ದ ಪದಗಳನ್ನು ಬರೆದುಕೊಂಡರು. 1931ರಲ್ಲಿ ಅವರ ಸಂಗ್ರಹ ‘ಗರತಿಯ ಹಾಡು’ ಅಚ್ಚಾಯಿತು. ಹಲಸಂಗಿ ಆಗ ಇದ್ದದ್ದು ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ. ಕನ್ನಡಕ್ಕೆ ಶಾಲೆಯಲ್ಲೂ ಕಚೇರಿಯಲ್ಲೂ ಸರಿಯಾದ ಜಾಗವಿಲ್ಲದಿದ್ದ ನಿಜಾಮನ ಸೀಮೆಯಲ್ಲಿ ಅಂಥ ಕೆಲಸ ಗಟ್ಟಿಯಾಗಿ ನಡೆದದ್ದು ಬಹಳ ತಡವಾಗಿ. ಅಷ್ಟರಲ್ಲಿ ಹಂತಿಗಳು ನಿಲ್ಲತೊಡಗಿದ್ದವು.

ಹಂತಿ ಮುಗಿದು, ಗಾಳಿ ನೋಡಿ ತೂರಿ, ಹೊಟ್ಟು ಹಾರಿಸಿದ ಮೇಲೆ ಬೆಳ್ಳನೆಯ ರಾಶಿ. ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾರೆ. ಆ ಹೊತ್ತಿಗೆ ಕಣದ ಸುತ್ತ ಜನ ಸೇರಿರುತ್ತಿದ್ದರು. ವರ್ಷವಿಡೀ ಕೂರಿಗೆ, ಕುಂಟಿ ಮಾಡಿಕೊಟ್ಟ ಬಡಿಗ, ಕುಡ ಹಣಿದುಕೊಟ್ಟ ಕಮ್ಮಾರ, ಮಡಕೆ ಕೊಟ್ಟ ಕುಂಬಾರ, ಬಟ್ಟೆ ಒಗೆದ ಅಗಸ, ಕ್ಷೌರದ ಹಡಪದ, ಮಿಣಿ, ಬಾರುಕೋಲು, ಕೆರ ಮಾಡಿಕೊಟ್ಟ ಮಾದಿಗ. ರೊಕ್ಕದ ವ್ಯವಹಾರವಿರಲಿಲ್ಲ, ಎಲ್ಲರ ವರ್ಷದ ದುಡಿಮೆಯೂ ಆಯವಾಗಿ, ಅಂದರೆ ಕಾಳಿನ ಪಾಲಾಗಿ, ಇಲ್ಲೇ ತೀರಬೇಕಿತ್ತು. ಗುಡಿಯ ಪಾಲು, ದರ್ಗಾದ ಪಾಲು, ಜಂಗಮರ, ಫಕೀರರ ಪಾಲು ಕೂಡ ಇಲ್ಲಿಯೇ.

ಇದನ್ನು ಹಳ್ಳಿಯ ಸೌಹಾರ್ದವೆಂದು ಮಾತ್ರ ಬಣ್ಣಿಸುವ ಬರಹಗಳು ಬೇಕಾದಷ್ಟಿವೆ. ಆ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಮಾತು. ಯಾರಿಗೆ ರಾಶಿಯ ಮೇಲಿನ ಕಾಳು, ಯಾರಿಗೆ ಕಣದ ತಳದ ಮಣ್ಣು ಬೆರೆತ ಕಾಳು ಎಂಬುದು ಜಾತಿಯಿಂದ ತೀರ್ಮಾನವಾಗುತ್ತಿತ್ತು. ತೆನೆ ಮುಟ್ಟಿ ಮುರಿದವರೇ ರಾಶಿ ಮುಟ್ಟುವಂತಿರಲಿಲ್ಲ. ಸಾಲಕ್ಕೆ ಮೈ ಒತ್ತೆಯಿಟ್ಟು ದುಡಿಯುವ ಜೀತ ಹೈದರಾಬಾದ್ ಸಂಸ್ಥಾನದಲ್ಲಿ ‘ಭಗೇಲಾ’ ಎಂಬ ಹೆಸರಿನಲ್ಲಿ ಎಷ್ಟು ಹಬ್ಬಿತ್ತೆಂದರೆ 1936ರಲ್ಲಿ ನಿಜಾಮ ಸರ್ಕಾರವೇ ಅದಕ್ಕೊಂದು ಕಾಯಿದೆ ತರಬೇಕಾಯಿತು. ಕಾಯಿದೆ ಹಳ್ಳಿಗೆ ಮುಟ್ಟಲಿಲ್ಲ. ದೇಶದಾದ್ಯಂತ ಜೀತ ರದ್ದಾದ 1976ರ ಕಾನೂನಿನವರೆಗೂ, ಅದರ ನಂತರವೂ ಸಂಬಳದಾಳಿನ ಹೆಸರಲ್ಲಿ ಅದು ಉಳಿದುಕೊಂಡಿತು.

ಮೇಲಿನಿಂದ ಬರುವ ಪಾಲುದಾರರು ಬೇರೆ. ಸರ್ಕಾರಿ ಹಳ್ಳಿಗಳ ಜೊತೆ ಸರದಾರರ ಪಾಯಗಾ, ಜಹಗೀರು ಹಳ್ಳಿಗಳೂ ಸಂಸ್ಥಾನದಲ್ಲಿ ಹರಡಿದ್ದವು, ಅಲ್ಲಿ ಜಹಗೀರದಾರನ ಮಾತೇ ಕಾನೂನು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಲೆವಿ ಬಂತು. ಎಕರೆಗಿಷ್ಟು ಎಂದು ಧಾನ್ಯವನ್ನು ಸರ್ಕಾರ ಹೇಳಿದ ದರಕ್ಕೆ ಕೊಡಬೇಕಾಯಿತು. ಆಗ ರೈತರಿಗೆ ನೆರವಾದದ್ದು ನೆಲದೊಳಗಿನ ಹಗೇವು. ಮನೆಯ ಅಂಗಳದಲ್ಲೋ ಹಟ್ಟಿಯಲ್ಲೋ ಬಾವಿಯಂತೆ ತೋಡಿ, ಒಳಮೈಗೆ ಹುಲ್ಲು ಹಚ್ಚಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣೆಳೆದರೆ ಕಾಳು ವರ್ಷಗಟ್ಟಲೆ ಕೆಡದು. ತೆರೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಆದ್ದರಿಂದ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. 1876ರಿಂದ 78ರವರೆಗಿನ ಬರದಲ್ಲಿ, ಆಮೇಲೆ 1972ರ ಬರದಲ್ಲಿ ಹಗೇವಿನಲ್ಲಿ ಜೋಳ ಇದ್ದವರಿಗೂ ಇಲ್ಲದವರಿಗೂ ನಡುವಿನ ಅಂತರ ಸಾವು ಬದುಕಿನದಾಗಿತ್ತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಳಗೆ ಸೇರಿತು. 1949ರಲ್ಲಿ ಜಹಗೀರು ರದ್ದಾದವು, 1950ರಲ್ಲಿ ಗೇಣಿದಾರರ ಕಾಯಿದೆ ಬಂತು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು, 1974ರಲ್ಲಿ ಉಳುವವನಿಗೇ ಭೂಮಿ ಎಂಬ ತಿದ್ದುಪಡಿ. ಮೇಲಿನಿಂದ ಬರುತ್ತಿದ್ದ ಪಾಲುದಾರರು ಒಬ್ಬೊಬ್ಬರಾಗಿ ಸರಿದರು.

ಇಷ್ಟೆಲ್ಲ ನಡೆದ ಕಣವನ್ನು ಬಣ್ಣದಲ್ಲಿ ಹಿಡಿದವರು ಯಾರು? ಈ ನೆಲಕ್ಕೆ ಚಿತ್ರಕಾರರ ಬಡತನವಿರಲಿಲ್ಲ. ಹೆಸರಿನಲ್ಲಿ ಆಳಂದವನ್ನು ಹೊತ್ತ ಶಂಕರರಾವ್ ಆಳಂದಕರ್ ಕಲಬುರಗಿಯಲ್ಲಿ ಚಿತ್ರ ಕಲಿಸಿದವರು. ಅವರ ಕೈಯಲ್ಲಿ ಮೊದಲ ಪಾಠ ಕಲಿತ ಎಸ್.ಎಂ. ಪಂಡಿತ್ (1916–1993) ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರುಗಳಿಂದ, ಕ್ಯಾಲೆಂಡರುಗಳ ಪುರಾಣ ಚಿತ್ರಗಳಿಂದ ದೇಶದ ಮನೆಮಾತಾದರು. ರಾಧಾಕೃಷ್ಣರು, ನಳ ದಮಯಂತಿಯರು ಅವರ ಕುಂಚದಿಂದ ಹಳ್ಳಿಯ ಗೋಡೆಗೂ ಬಂದರು. ಆ ಗೋಡೆಯಾಚೆ ಜೋಳ ಕೀಳುತ್ತಿದ್ದವರು ಕ್ಯಾಲೆಂಡರಿಗೆ ಬರಲಿಲ್ಲ. ಅಚ್ಚು ಹಾಕಿಸುವ ಕಂಪನಿಗಳಿಗೆ ಅದು ಬೇಕಿರಲಿಲ್ಲ.

ಪ್ಯಾರಿಸ್ಸಿನಲ್ಲಿ ಓದಿ, ಗೋಗ್ಯಾನ್ ಮತ್ತು ಸೆಜಾನರ ಚಿತ್ರಗಳನ್ನು ಮನಸ್ಸಿಗೆ ತಂದುಕೊಂಡು ಮರಳಿದ ಅಮೃತಾ ಶೇರ್‌ಗಿಲ್ 1936–37ರ ದಕ್ಷಿಣದ ಪ್ರವಾಸದಲ್ಲಿ ಹೈದರಾಬಾದಿಗೂ ಬಂದಿದ್ದರು. ಯುರೋಪಿನ ಕಲಾವಸ್ತುಗಳನ್ನು ರಾಶಿ ಹಾಕಿಕೊಂಡಿದ್ದ ಅಲ್ಲಿಯ ನವಾಬ ಸಾಲಾರ್ ಜಂಗರು ಆಕೆಯ ಚಿತ್ರ ಕೊಳ್ಳಲಿಲ್ಲ. ಆ ಪ್ರವಾಸದ ಫಲವಾಗಿ 1937ರಲ್ಲಿ ಆಕೆ ಬರೆದ ದಕ್ಷಿಣದ ಚಿತ್ರಗಳಲ್ಲಿ ಸಂತೆಗೆ ಹೊರಟ ಹಳ್ಳಿಗರಿದ್ದಾರೆ. ರೈಲು ದಾರಿ 1870ರ ದಶಕದ ಹೊತ್ತಿಗೇ ಸೊಲ್ಲಾಪುರದಿಂದ ಗಾಣಗಾಪುರ ರೋಡ್, ಕಲಬುರಗಿ ಹಾದು ರಾಯಚೂರಿಗೆ ಹೋಗಿತ್ತು. ಆ ಕಿಟಕಿಯಿಂದ ಕಾಣುವ ಜೋಳದ ಬಯಲಿಗೆ ಶೇರ್‌ಗಿಲ್‌ಳ ಕುಂಚ ತಾಗಿದ್ದರೆ ಎಂಬ ಆಸೆ ಈ ನೆಲವನ್ನು ಬಲ್ಲ ಯಾರಿಗಾದರೂ ಬಂದೇ ಬರುತ್ತದೆ. ಕಲಬುರಗಿಯ ಕಲಾಶಾಲೆಗಳಲ್ಲಿ ಬೆಳೆದ ಮುಂದಿನ ತಲೆಮಾರು, ಜೆ.ಎಸ್. ಖಂಡೇರಾವ್ ಅವರಂಥ ನಿಸರ್ಗಚಿತ್ರಕಾರರು, ಇಲ್ಲಿಯ ಬಿಸಿಲಿಗೆ ಬಣ್ಣದ ಗೌರವ ತಂದರು. ಆ ಹೊತ್ತಿಗೆ ಸುಗ್ಗಿಯೇ ಬೇರೆಯಾಗುತ್ತಿತ್ತು.

ಬೀಜದಿಂದಲೇ ಬದಲಾವಣೆ ಸುರುವಾಯಿತು. ಆಳಂದದ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ನಾಡ ತಳಿಯಿಂದ ಆಯ್ದು ತೆಗೆದ ಮಾಲದಂಡಿ, ಅಂದರೆ ಎಂ 35–1, ಭೀಮಾ ಸೀಮೆಯ ಹಿಂಗಾರಿಯನ್ನು ಆಳಿತು. ಮುತ್ತಿನಂಥ ದುಂಡು ಕಾಳು, ಮೆತ್ತನೆ ರೊಟ್ಟಿ, ದನ ಬಿಡದೆ ತಿನ್ನುವ ಕಣಿಕಿ. 1964ರಲ್ಲಿ ಸಿ.ಎಸ್.ಎಚ್–1 ಎಂಬ ಸಂಕರ ಜೋಳ ಬಂದು ಮುಂಗಾರಿಯಲ್ಲಿ ಇಳುವರಿ ಏರಿಸಿದರೂ ಹಿಂಗಾರಿಯಲ್ಲಿ ಮಾಲದಂಡಿಯನ್ನು ಕದಲಿಸಲಾಗಲಿಲ್ಲ. ಅದನ್ನು ಕದಲಿಸಿದ್ದು ತೊಗರಿಯ ಬೆಲೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಗುವ ಎಷ್ಟೋ ಮೊದಲೇ ಜೋಳದ ಎಕರೆಗಳು ಅದಕ್ಕೆ ಹೋಗಿದ್ದವು. ನೀರು ಸಿಕ್ಕಲ್ಲಿ ಕಬ್ಬು ಬಂತು: ಅಫಜಲಪುರದಲ್ಲಿ ಸೊನ್ನದ ಬ್ಯಾರೇಜು ಮತ್ತು ಹಾವಳಗಾದ ಸಕ್ಕರೆ ಕಾರ್ಖಾನೆ, ಆಳಂದದಲ್ಲಿ ಭೂಸನೂರಿನ ಕಾರ್ಖಾನೆ. ಎತ್ತುಗಳು ಕಡಿಮೆಯಾದವು, ರಾಶಿ ಮಾಡುವ ಮಷಿನ್ ಟ್ರ್ಯಾಕ್ಟರಿನ ಬೆನ್ನಿಗೆ ಬಂತು. ಹಂತಿಯ ಹಲವು ರಾತ್ರಿಗಳ ಕೆಲಸ ಕೆಲವೇ ತಾಸಿಗೆ ಮುಗಿಯುತ್ತದೆ. ಸಗಣಿ ಸಾರಿಸಿದ ಕಣದ ಬದಲು ತಾಡಪತ್ರಿ, ಇಲ್ಲವೇ ಊರ ಹೊರಗಿನ ಡಾಂಬರು ರಸ್ತೆ.

ಇದರಲ್ಲಿ ಅಳುವುದಕ್ಕಿಂತ ನೆಮ್ಮದಿ ಪಡುವುದಕ್ಕೆ ಹೆಚ್ಚು ಕಾರಣವಿದೆ. ಆಯದ ಕಾಳಿಗೆ ಕಣದಂಚಿನಲ್ಲಿ ಕಾಯುತ್ತ ನಿಲ್ಲುವ ಅವಮಾನ ಹೋಯಿತು. ಹಾಡು ಹೋದದ್ದು ಮಾತ್ರ ನಿಜವಾದ ನಷ್ಟ, ಹಾಡುವವರು ಇನ್ನೂ ಅಲ್ಲಲ್ಲಿ ಇರುವಾಗಲೇ ದಾಖಲಿಸಿಕೊಂಡು ತುಸುವಾದರೂ ತುಂಬಿಕೊಳ್ಳಬಹುದಾದ ನಷ್ಟ.

ಒಂದು ಕೆಲಸಕ್ಕೆ ಮಾತ್ರ ಈ ಸೀಮೆಯಲ್ಲಿ ಯಂತ್ರ ಪೂರ್ತಿಯಾಗಿ ಕಾಲಿಟ್ಟಿಲ್ಲ. ಆಳೆತ್ತರದ ಮಾಲದಂಡಿಯನ್ನು ಕಣಿಕಿ ಕೆಡದಂತೆ ಕೀಳಲು ಇಂದಿಗೂ ಬಹುಪಾಲು ಕೈಯೇ ಬೇಕು. ಫೆಬ್ರವರಿ ಬಂತೆಂದರೆ ಹೆಂಗಸರ ಗುಂಪುಗಳು ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿ ಊರಿಂದೂರಿಗೆ ಹೋಗುತ್ತವೆ. ಕೀಳುವ ಆಳು ಸಿಗುವುದಿಲ್ಲವೆಂದೇ ಜೋಳ ಬಿತ್ತುವುದನ್ನು ಬಿಟ್ಟ ರೈತರಿದ್ದಾರೆ. ಹಾಗಾಗಿ ಎಕರೆಗೆ ಎಷ್ಟು, ರೊಕ್ಕ ಎಷ್ಟು, ಜೋಳ ಎಷ್ಟು ಎಂಬ ಮಾತು ಈಗ ಹೊಲದ ಬದುವಿನ ಮೇಲೆಯೇ, ಕೆಲಸಕ್ಕೆ ಮೊದಲೇ ನಡೆಯುತ್ತದೆ. ಗುಂಪಿನಲ್ಲಿ ಹಿರಿಯಳಾದವಳು ದರ ಹೇಳುತ್ತಾಳೆ, ರೈತ ಒಂದಿಷ್ಟು ಇಳಿಸಿ ನೋಡುತ್ತಾನೆ. ಅವಳು ಒಪ್ಪಿದ ಮೇಲೆ ಉಳಿದವರು ಕೈಗೆ ಬಟ್ಟೆ ಸುತ್ತಿಕೊಂಡು ಸಾಲು ಹಿಡಿಯುತ್ತಾರೆ.